ಹಸಿರು ಬಣ್ಣ ಪಡೆದ ಮುದ್ರಣಾಲಯದ ಬಗ್ಗೆ ಒಂದಿಷ್ಟು ಸಿಟ್ಟು

ಇವತ್ತು ಮಧ್ಯಾಹ್ನ ಒಂದು ಸಭೆ ಮುಗಿಸಿ ಬಂದಿದ್ದೇನೆ. ಸಿಟ್ಟು ಇನ್ನೂ ಇಳಿದಿಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ಗ್ರಾಹಕರ ಖಾತೆ ವಿವರಗಳನ್ನು ಮುದ್ರಿಸಿ, ಲಕೋಟೆಗೆ ಹಾಕಿ, ಅಂಚೆಗೆ ಒಪ್ಪಿಸುವ ಕೆಲಸವನ್ನು ಯಾವ ಮುದ್ರಣ ಸಂಸ್ಥೆಗೆ ಕೊಡಬೇಕೆಂದು ತೀರ್ಮಾನಿಸಲು ಕರೆದಿದ್ದ ಸಭೆ ಅದು. ಪರದೆಯ ಮೇಲೆ ಮೂರು ಸಂಸ್ಥೆಗಳ ಹೆಸರಿತ್ತು. ಪ್ರತಿಯೊಂದರ ಮುಂದೆ ‘ಸೈಬರ್ ಅಪಾಯ’ ಎಂಬ ಅಂಕಣದಲ್ಲಿ ಒಂದು ಅಕ್ಷರ, ಆ ಅಕ್ಷರದ ಹಿಂದೆ ಒಂದು ಬಣ್ಣ. ಹಸಿರು ಪಡೆದದ್ದು ಸುರಕ್ಷಿತ, ಹಳದಿಯದು ಪರವಾಗಿಲ್ಲ, ಕಿತ್ತಳೆ ಬಣ್ಣದ್ದು ಬೇಡ ಎಂದು ಘೋಷಿಸಿ, ಮುಂದಿನ ವಿಷಯಕ್ಕೆ ಹೋಗೋಣ ಎಂದರು. ಇಷ್ಟು ವರ್ಷ ಅಚ್ಚಿನ ಪ್ಲೇಟು, ಕಡತವನ್ನು ಅಚ್ಚಿಗೆ ಸಿದ್ಧಪಡಿಸುವ ರಿಪ್ಪು, ಸರ್ವರುಗಳ ನಡುವೆಯೇ ಬದುಕಿದವಳು ನಾನೆಂಬುದು ಇಲ್ಲಿರುವ ಗೆಳೆಯರಿಗೆ ಗೊತ್ತೇ ಇದೆ. ನನ್ನನ್ನು ಆ ಸಭೆಗೆ ಯಾಕೆ ಕರೆದಿದ್ದರೋ ನನಗಂತೂ ಗೊತ್ತಾಗಲಿಲ್ಲ.

ಈ ಅಕ್ಷರಗಳು ಎಲ್ಲಿಂದ ಬರುತ್ತವೆ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಕಂಪನಿಗಳಿಗೆ ಹೊರಗಿನಿಂದಲೇ ಸುರಕ್ಷತಾ ಅಂಕ ಕೊಡುವುದು ಈಗ ಒಂದು ದೊಡ್ಡ ವ್ಯವಹಾರ. 2011ರಲ್ಲಿ ಆರಂಭವಾದ ಬಿಟ್‌ಸೈಟ್ 250ರಿಂದ 900ರವರೆಗಿನ ಅಂಕ ಕೊಡುತ್ತದೆ, ಸೆಕ್ಯುರಿಟಿ ಸ್ಕೋರ್‌ಕಾರ್ಡ್ ಎಯಿಂದ ಎಫ್‌ವರೆಗಿನ ದರ್ಜೆ ಕೊಡುತ್ತದೆ. ಮೂಡೀಸ್‌ನಂತಹ ಸಾಲದ ಶ್ರೇಯಾಂಕ ಕೊಡುವ ಸಂಸ್ಥೆಯೇ 2021ರಲ್ಲಿ ಬಿಟ್‌ಸೈಟ್‌ನಲ್ಲಿ 25 ಕೋಟಿ ಡಾಲರ್ ಹೂಡಿತೆಂದರೆ ಈ ವ್ಯವಹಾರದ ಗಾತ್ರ ತಿಳಿಯುತ್ತದೆ. ಆದರೆ ಈ ಅಂಕಕ್ಕಾಗಿ ಯಾರೂ ಸಂಸ್ಥೆಯ ಒಳಗೆ ಕಾಲಿಡುವುದಿಲ್ಲ. ಜಾಲತಾಣದ ಸುರಕ್ಷತಾ ಪ್ರಮಾಣಪತ್ರದ ಅವಧಿ ಮುಗಿದಿದೆಯೇ, ಇಮೇಲ್ ಡೊಮೇನ್‌ಗೆ ನಕಲಿ ಕಳುಹಿಸುವವರನ್ನು ತಡೆಯುವ ದಾಖಲೆಗಳಿವೆಯೇ, ಅಂತರ್ಜಾಲಕ್ಕೆ ತೆರೆದುಕೊಂಡ ಪೋರ್ಟ್‌ಗಳು (ಸಂಪರ್ಕದ ಬಾಗಿಲುಗಳು) ಯಾವುವು, ಅಲ್ಲಿ ಕಾಣುವ ತಂತ್ರಾಂಶ ಎಷ್ಟು ಹಳೆಯದು, ನೌಕರರ ಪಾಸ್‌ವರ್ಡ್‌ಗಳು ಎಲ್ಲಾದರೂ ಸೋರಿವೆಯೇ ಎಂಬಂತಹ ಸಂಗತಿಗಳನ್ನು ಹೊರಗಿನಿಂದ ಎಣಿಸಿ ಅಂಕ ಹಾಕುತ್ತಾರೆ. ಅದು ತಪ್ಪಲ್ಲ. ಬೀದಿಯಿಂದ ಕಾಣುವ ಕಿಟಕಿಯ ಗಾಜು ಒಡೆದಿದೆಯೇ ಎಂದು ನೋಡುವುದೂ ಒಂದು ತಪಾಸಣೆಯೇ. ಗಾಜು ಸರಿಯಿದೆ ಎಂದ ಮಾತ್ರಕ್ಕೆ ಮನೆಯೊಳಗಿನ ತಿಜೋರಿಯ ಬಗ್ಗೆ ತೀರ್ಪು ಕೊಡುವುದು ಮಾತ್ರ ನನಗೆ ಅರಗುವುದಿಲ್ಲ.

ಮುದ್ರಣೋದ್ಯಮದಲ್ಲಿ ಈ ಅಳತೆ ತಲೆಕೆಳಗಾಗುವುದಕ್ಕೆ ಒಂದು ಸರಳ ಕಾರಣವಿದೆ. ಒಂದು ಸಣ್ಣ ಮುದ್ರಣಾಲಯಕ್ಕೆ ಸಾಮಾನ್ಯವಾಗಿ ಒಂದೇ ಜಾಲತಾಣ ಇರುತ್ತದೆ, ಅದೂ ಯಾವುದೋ ದೊಡ್ಡ ಹೋಸ್ಟಿಂಗ್ ಕಂಪನಿಯ ಸರ್ವರ್ ಮೇಲೆ, ಇಮೇಲ್ ಇನ್ನೊಂದು ದೊಡ್ಡ ಕಂಪನಿಯ ಬಳಿ. ಅಂಕ ಕೊಡುವ ಯಂತ್ರಕ್ಕೆ ಕಾಣಿಸುವುದು ಆ ದೊಡ್ಡ ಕಂಪನಿಗಳ ಅಚ್ಚುಕಟ್ಟುತನವೇ ಹೊರತು ಮುದ್ರಣಾಲಯದ್ದಲ್ಲ, ಫಲಿತಾಂಶ ಹಸಿರು. ಇನ್ನೊಂದು ಕಡೆ, ನೂರಾರು ಗ್ರಾಹಕರಿಗೆ ಪ್ರತ್ಯೇಕ ಆರ್ಡರ್ ಪೋರ್ಟಲ್‌ಗಳನ್ನು ಕಟ್ಟಿಕೊಟ್ಟು, ಕಡತಗಳನ್ನು ನೇರವಾಗಿ ಸ್ವೀಕರಿಸುವ, ಅದಕ್ಕಾಗಿ ಸುರಕ್ಷತಾ ತಂಡವನ್ನೇ ಇಟ್ಟುಕೊಂಡಿರುವ ಸಂಸ್ಥೆಯೊಂದು ಹೊರಗಿನ ಜಗತ್ತಿಗೆ ಬಹಳಷ್ಟು ವಿಳಾಸಗಳನ್ನು ತೆರೆದಿಟ್ಟಿರುತ್ತದೆ. ಎಲ್ಲೋ ಒಂದು ಮರೆತ ಉಪಡೊಮೇನ್, ಯಾವುದೋ ಗ್ರಾಹಕ ಬಿಟ್ಟುಹೋದ ಹಳೆಯ ಪುಟ ಸಿಕ್ಕೇ ಸಿಗುತ್ತದೆ, ಫಲಿತಾಂಶ ಕಿತ್ತಳೆ. ಹೀಗೆ ಕಡಿಮೆ ಕಾಣಿಸಿಕೊಂಡವರಿಗೆ ಹೆಚ್ಚು ಅಂಕ ಸಿಗುವುದಾದರೆ, ಅಂತರ್ಜಾಲದಲ್ಲೇ ಇಲ್ಲದ ಸಂಸ್ಥೆಗೆ ಚಿನ್ನದ ಪದಕ ಕೊಡಬೇಕಾಗುತ್ತದೆ.

ಅಪಾಯ ಇರುವುದು ಯಂತ್ರದ ಕೋಣೆಯಲ್ಲಿ. ಮುದ್ರಣ ಯಂತ್ರವೊಂದನ್ನು ಕೊಂಡರೆ ಅದು ಎರಡು ದಶಕ ದುಡಿಯುತ್ತದೆ, ಅದನ್ನು ನಡೆಸುವ ಕಂಪ್ಯೂಟರಿನ ಆಯಸ್ಸು ಅಷ್ಟಿರುವುದಿಲ್ಲ. ವಿಂಡೋಸ್ ಎಕ್ಸ್‌ಪಿಗೆ ಮೈಕ್ರೋಸಾಫ್ಟ್‌ನ ಬೆಂಬಲ 2014ರ ಏಪ್ರಿಲ್‌ನಲ್ಲೇ ನಿಂತಿತು, ವಿಂಡೋಸ್ 7ಕ್ಕೆ 2020ರ ಜನವರಿಯಲ್ಲಿ ನಿಂತಿತು, ವಿಂಡೋಸ್ 10ರ ಸರದಿ 2025ರ ಅಕ್ಟೋಬರ್‌ನಲ್ಲಿ ಮುಗಿಯಿತು. ಪ್ಲೇಟ್‌ಸೆಟರ್ (ಅಚ್ಚಿನ ಪ್ಲೇಟು ತಯಾರಿಸುವ ಯಂತ್ರ) ನಡೆಸುವ ಕಂಪ್ಯೂಟರಿಗೆ ಇದಾವುದೂ ತಿಳಿಯದು. ಯಂತ್ರ ಮಾರಿದ ಕಂಪನಿಯನ್ನು ಕೇಳಿದರೆ, ಹೊಸ ಆವೃತ್ತಿ ಹಾಕಿದರೆ ಖಾತರಿ ಇಲ್ಲ, ಹೊಸ ಯಂತ್ರ ಕೊಳ್ಳಿ ಎನ್ನುತ್ತಾರೆ. ಆದ್ದರಿಂದ ಹಳೆಯ ವಿಂಡೋಸ್ ಹಾಗೆಯೇ ಉಳಿಯುತ್ತದೆ, ಅದಕ್ಕೆ ಕಡತ ಕಳುಹಿಸಲು ಎಲ್ಲರಿಗೂ ತೆರೆದ ಹಂಚಿಕೆಯ ಫೋಲ್ಡರ್ ಇರುತ್ತದೆ, ಯಂತ್ರ ಕೆಟ್ಟಾಗ ದೂರದಿಂದ ರಿಪೇರಿ ಮಾಡಲು ಮಾರಾಟಗಾರನಿಗೆ ಕೊಟ್ಟ ಪ್ರವೇಶ ವರ್ಷಗಟ್ಟಲೆ ಹಾಗೇ ತೆರೆದಿರುತ್ತದೆ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ರ‍್ಯಾನ್ಸಮ್‌ವೇರ್ (ಕಡತಗಳಿಗೆ ಬೀಗ ಜಡಿದು ಹಣ ಕೇಳುವ ತಂತ್ರಾಂಶ) ಹರಡಿದ್ದು ಇಂತಹ ಹಳೆಯ ಹಂಚಿಕೆಯ ವ್ಯವಸ್ಥೆಯಲ್ಲಿದ್ದ ದೋಷದಿಂದಲೇ. ಇದರಲ್ಲಿ ಒಂದನ್ನಾದರೂ ಹೊರಗಿನಿಂದ ಎಣಿಸಲು ಸಾಧ್ಯವೇ?

ಇನ್ನು ಕಡತಗಳ ವಿಷಯ. ಬೇರೆ ಉದ್ಯಮಗಳಲ್ಲಿ ಅಪರಿಚಿತರು ಕಳುಹಿಸಿದ ಕಡತವನ್ನು ತೆರೆಯಬೇಡಿ ಎಂದು ನೌಕರರಿಗೆ ಪಾಠ ಹೇಳುತ್ತಾರೆ. ಮುದ್ರಣಾಲಯದಲ್ಲಿ ಅಪರಿಚಿತರು ಕಳುಹಿಸಿದ ಕಡತವನ್ನು ತೆರೆಯುವುದೇ ಉದ್ಯೋಗ! ಅದೂ ಎಂತಹ ಕಡತ? ಅಡೋಬಿಯ ಪೋಸ್ಟ್‌ಸ್ಕ್ರಿಪ್ಟ್ ಬರೀ ಪುಟವಿನ್ಯಾಸದ ವಿವರಣೆಯಲ್ಲ, ಅದೊಂದು ಪೂರ್ಣ ಪ್ರಮಾಣದ ಪ್ರೋಗ್ರಾಮಿಂಗ್ ಭಾಷೆ. ಆ ಭಾಷೆಯನ್ನು ಓದುವ ಘೋಸ್ಟ್‌ಸ್ಕ್ರಿಪ್ಟ್ ಎಂಬ ತಂತ್ರಾಂಶದಲ್ಲಿ 2023ರಲ್ಲಿ ಒಂದು ದೋಷ ಬಯಲಾಯಿತು. ದುರುದ್ದೇಶದಿಂದ ರಚಿಸಿದ ಕಡತವನ್ನು ತೆರೆದರೆ ಸಾಕು, ದಾಳಿಕೋರನ ಆದೇಶಗಳು ಆ ಕಂಪ್ಯೂಟರಿನಲ್ಲಿ ನಡೆಯುವಂತಿತ್ತು. ಅದಕ್ಕೂ ಮೊದಲು, 2021ರಲ್ಲಿ, ವಿಂಡೋಸ್‌ನ ಮುದ್ರಣದ ಸರದಿ ನೋಡಿಕೊಳ್ಳುವ ಪ್ರಿಂಟ್ ಸ್ಪೂಲರ್‌ನಲ್ಲಿ ಸಿಕ್ಕ ‘ಪ್ರಿಂಟ್‌ನೈಟ್‌ಮೇರ್’ ದೋಷಕ್ಕಾಗಿ ಮೈಕ್ರೋಸಾಫ್ಟ್ ತನ್ನ ಮಾಮೂಲಿ ತಿಂಗಳ ಕಂತಿಗೂ ಕಾಯದೆ ತುರ್ತು ಪರಿಹಾರ ಬಿಡುಗಡೆ ಮಾಡಬೇಕಾಯಿತು. ಸ್ಪೂಲರನ್ನು ನಿಲ್ಲಿಸಿಬಿಡಿ ಎಂಬುದು ಆಗ ಎಲ್ಲ ಕಡೆ ಕೇಳಿಬಂದ ಸಲಹೆ. ಮುದ್ರಿಸುವುದೇ ಕಸುಬಾದವರಿಗೆ ಈ ಸಲಹೆ ಕೊಟ್ಟವರ ಮುಖ ನೋಡಬೇಕೆಂದು ನನಗೆ ಬಹಳ ಆಸೆಯಿತ್ತು.

ಇಷ್ಟಾದರೂ ಇದು ಅರ್ಧ ಮಾತು. ಎರಡು ಮುದ್ರಣ ಸಂಸ್ಥೆಗಳನ್ನು ಹೋಲಿಸುವಾಗ ಮೊಟ್ಟಮೊದಲು ಕೇಳಬೇಕಾದದ್ದು ಅವರ ಬಳಿ ಇರುವುದು ಯಾರ ಮಾಹಿತಿ ಎಂಬುದು. ಔಷಧದ ಪೆಟ್ಟಿಗೆಗೆ ಲೇಬಲ್ ಮುದ್ರಿಸುವವನೂ, ಬ್ಯಾಂಕಿನ ಖಾತೆ ವಿವರ ಮುದ್ರಿಸುವವನೂ, ಪಠ್ಯಪುಸ್ತಕ ಮುದ್ರಿಸುವವನೂ ಒಂದೇ ಉದ್ಯಮದವರೆಂದು ಪಟ್ಟಿ ಹೇಳುತ್ತದೆ, ಅಪಾಯ ಹಾಗೆ ಹೇಳುವುದಿಲ್ಲ. ಮೊದಲನೆಯವನ ಕಡತ ಕದ್ದರೆ ಸಿಗುವುದು ನಾಳೆ ಅಂಗಡಿಯಲ್ಲಿ ಎಲ್ಲರಿಗೂ ಕಾಣುವ ಲೇಬಲ್. ಅಲ್ಲಿ ಭಯಪಡಬೇಕಾದದ್ದು ಕಳವಿಗಲ್ಲ, ಯಾರಾದರೂ ಒಂದು ಅಂಕಿಯನ್ನು ಬದಲಿಸಿದರೆ ಎಂಬುದಕ್ಕೆ. ಪಠ್ಯಪುಸ್ತಕದವನಿಗೆ ಯಂತ್ರ ನಿಂತು ಗಡುವು ತಪ್ಪುವ ಭಯ. ಎರಡನೆಯವನ ಕಡತದಲ್ಲಿ ಮಾತ್ರ ಸಾವಿರಾರು ಜನರ ಹೆಸರು, ವಿಳಾಸ, ಖಾತೆಯ ವ್ಯವಹಾರ ಎಲ್ಲವೂ ಒಟ್ಟಿಗೇ ಇರುತ್ತದೆ.

ಇದು ಕಲ್ಪನೆಯಲ್ಲ. 2025ರ ಏಪ್ರಿಲ್‌ನಲ್ಲಿ ಸಿಂಗಪುರದ ಟಾಪನ್ ನೆಕ್ಸ್ಟ್ ಟೆಕ್ ಎಂಬ ಮುದ್ರಣ ಸಂಸ್ಥೆಯ ಮೇಲೆ ರ‍್ಯಾನ್ಸಮ್‌ವೇರ್ ದಾಳಿಯಾದದ್ದು ಬೆಳಕಿಗೆ ಬಂದಾಗ, ಡಿಬಿಎಸ್ ಬ್ಯಾಂಕಿನ ಸುಮಾರು 8,200 ಗ್ರಾಹಕರ ಮತ್ತು ಬ್ಯಾಂಕ್ ಆಫ್ ಚೈನಾದ ಸಿಂಗಪುರ ಶಾಖೆಯ ಸುಮಾರು 3,000 ಗ್ರಾಹಕರ ಮಾಹಿತಿ ಸೋರಿರಬಹುದೆಂದು ಪ್ರಕಟವಾಯಿತು. ಬ್ಯಾಂಕುಗಳ ಸ್ವಂತ ವ್ಯವಸ್ಥೆಗೆ ಏನೂ ಆಗಿರಲಿಲ್ಲ. ಅಮೆರಿಕದಲ್ಲಿ 2022ರಲ್ಲಿ ಒನ್‌ಟಚ್‌ಪಾಯಿಂಟ್ ಎಂಬ ಮುದ್ರಣ ಮತ್ತು ಅಂಚೆ ಸೇವೆಯ ಸಂಸ್ಥೆಯೊಳಗೆ ದಾಳಿಕೋರರು ನುಗ್ಗಿದಾಗ, 30ಕ್ಕೂ ಹೆಚ್ಚು ಆರೋಗ್ಯ ಸಂಸ್ಥೆಗಳ ಸದಸ್ಯರಿಗೆ ವಿಷಯ ತಿಳಿಸಬೇಕಾಯಿತು. ಆ ಸದಸ್ಯರಲ್ಲಿ ಎಷ್ಟು ಜನ ಆ ಮುದ್ರಣ ಸಂಸ್ಥೆಯ ಹೆಸರನ್ನಾದರೂ ಕೇಳಿದ್ದರೋ! ನಮ್ಮ ಸಭೆಯ ಪಟ್ಟಿಯಲ್ಲಿ ಈ ಪ್ರಶ್ನೆಗೆ ಅಂಕಣವೇ ಇರಲಿಲ್ಲ, ಬಣ್ಣಕ್ಕೆ ಮಾತ್ರ ಇತ್ತು.

ಯಂತ್ರ ನಿಂತರೆ ಎಷ್ಟು ದಿನ ತಾಳಬಲ್ಲರು ಎಂಬುದು ಇನ್ನೊಂದು ಪ್ರಶ್ನೆ. ಇದನ್ನು ಪತ್ರಿಕಾ ಮುದ್ರಣದವರನ್ನು ಕೇಳಬೇಕು. 2018ರ ಡಿಸೆಂಬರ್ ಕೊನೆಯ ಶನಿವಾರ ಸೈಬರ್ ದಾಳಿಯೊಂದರಿಂದಾಗಿ ಲಾಸ್ ಏಂಜಲೀಸ್ ಟೈಮ್ಸ್ ಮತ್ತು ಸ್ಯಾನ್ ಡಿಯಾಗೋ ಯೂನಿಯನ್-ಟ್ರಿಬ್ಯೂನ್ ಪತ್ರಿಕೆಗಳು ಓದುಗರಿಗೆ ತಡವಾಗಿ ತಲುಪಿದವು. ಅದೇ ಮುದ್ರಣಾಲಯದಲ್ಲಿ ಅಚ್ಚಾಗುತ್ತಿದ್ದ ವಾಲ್ ಸ್ಟ್ರೀಟ್ ಜರ್ನಲ್ ಮತ್ತು ನ್ಯೂಯಾರ್ಕ್ ಟೈಮ್ಸ್‌ನ ಪಶ್ಚಿಮ ಕರಾವಳಿಯ ಆವೃತ್ತಿಗಳೂ ತಡವಾದವು. ಸ್ವಾರಸ್ಯವೆಂದರೆ ಮೊದಲು ಹೇಳಿದ ಎರಡು ಪತ್ರಿಕೆಗಳು ಅದೇ ವರ್ಷದ ಜೂನ್‌ನಲ್ಲಿ ಟ್ರಿಬ್ಯೂನ್ ಪಬ್ಲಿಷಿಂಗ್‌ನಿಂದ ಬೇರೆ ಮಾಲೀಕರ ಕೈಗೆ ಹೋಗಿದ್ದವು, ತಂತ್ರಾಂಶ ವ್ಯವಸ್ಥೆ ಮಾತ್ರ ಇನ್ನೂ ಹಂಚಿಕೆಯಲ್ಲೇ ಇತ್ತು. ಕಾಗದದ ಮೇಲೆ ಬೇರೆ ಬೇರೆಯಾದ ಕಂಪನಿಗಳು ಕೇಬಲ್ಲಿನಲ್ಲಿ ಒಂದೇ ಆಗಿದ್ದವು. ನಾರ್ವೆಯ ಪತ್ರಿಕಾ ಸಮೂಹ ಅಮೀಡಿಯಾ 2021ರ ಡಿಸೆಂಬರ್ 28ರಂದು ದಾಳಿಗೊಳಗಾದಾಗ ಅದರ ಆನ್‌ಲೈನ್ ಸುದ್ದಿ ಎಂದಿನಂತೆ ನಡೆಯಿತು, ಮರುದಿನದ ಮುದ್ರಿತ ಪತ್ರಿಕೆಗಳು ಹೊರಬರಲಿಲ್ಲ. ಜರ್ಮನಿಯ ಹೈಲ್‌ಬ್ರಾನರ್ ಶ್ಟಿಮ್ಮೆ ಪತ್ರಿಕೆ ಇಂತಹದೇ ದಾಳಿಯ ನಂತರ 2022ರ ಅಕ್ಟೋಬರ್‌ನಲ್ಲಿ ಆರು ಪುಟಗಳ ತುರ್ತು ಸಂಚಿಕೆ ತಂದಿತು. ಆರೇ ಪುಟವಾದರೂ ಸಂಚಿಕೆ ತರಬಲ್ಲ ಸಂಸ್ಥೆ ಯಾವುದು, ಕೈಚೆಲ್ಲಿ ಕೂರುವ ಸಂಸ್ಥೆ ಯಾವುದು ಎಂಬ ವ್ಯತ್ಯಾಸ ನನಗೆ ಬೇಕು. ಎ, ಬಿ, ಸಿಗಳಲ್ಲಿ ಅದು ಸಿಗುವುದಿಲ್ಲ.

ಪ್ರಮಾಣಪತ್ರ ನೋಡಬಹುದಲ್ಲ ಎಂದು ಕೆಲವರು ಕೇಳುತ್ತಾರೆ. ನೋಡಬಹುದು, ಆದರೆ ಗೋಡೆಗೆ ತೂಗುಹಾಕಿದ ಚೌಕಟ್ಟನ್ನಲ್ಲ, ಅದರ ವ್ಯಾಪ್ತಿಯ ವಾಕ್ಯವನ್ನು. ಮಾಹಿತಿ ಸುರಕ್ಷತೆಯ ಮಾನದಂಡವಾದ ಐಎಸ್‌ಒ 27001 ಪಡೆದ ಸಂಸ್ಥೆಯ ಪ್ರಮಾಣಪತ್ರ ಮುಖ್ಯ ಕಚೇರಿಗೆ ಮಾತ್ರ ಅನ್ವಯಿಸಿ, ಯಂತ್ರಗಳಿರುವ ಕಟ್ಟಡ ಅದರ ಹೊರಗಿರಲು ಯಾವ ಅಡ್ಡಿಯೂ ಇಲ್ಲ. ಭದ್ರತಾ ಮುದ್ರಣಕ್ಕೆಂದೇ 2013ರಿಂದ ಐಎಸ್‌ಒ 14298 ಎಂಬ ಪ್ರತ್ಯೇಕ ಮಾನದಂಡವಿದೆ. ಅದನ್ನು ಪಡೆದವರು ಹಾಳಾದ ಹಾಳೆಗೂ ಲೆಕ್ಕ ಇಡುವ ಶಿಸ್ತಿನವರು. ಆ ಸಭೆಯಲ್ಲಿ ನಾನು ಈ ಸಂಖ್ಯೆ ಹೇಳಿದಾಗ ಅದು ಯಾವುದೋ ದೂರವಾಣಿಯ ಒಳಸಂಖ್ಯೆ ಎಂಬಂತೆ ನನ್ನನ್ನು ನೋಡಿದರು.

ನನ್ನ ವಿರುದ್ಧದ ವಾದವೂ ಗೊತ್ತು. ನೂರಾರು ಪೂರೈಕೆದಾರರಿರುವ ದೊಡ್ಡ ಕಂಪನಿ ಪ್ರತಿಯೊಬ್ಬರ ಯಂತ್ರದ ಕೋಣೆಗೂ ಹೋಗಿ ನೋಡಲಾರದು, ಏನೂ ಇಲ್ಲದಿರುವುದಕ್ಕಿಂತ ಒಂದು ಅಂಕವಾದರೂ ಇರಲಿ, ಕಡಿಮೆ ಅಂಕದವರಲ್ಲಿ ದಾಳಿಗಳು ಹೆಚ್ಚೆಂದು ಅಂಕಿಅಂಶಗಳೂ ಹೇಳುತ್ತವೆ ಎನ್ನುತ್ತಾರೆ. ಒಪ್ಪಿದೆ. ಸಾವಿರಾರು ಕಂಪನಿಗಳನ್ನು ಒಟ್ಟಾಗಿ ನೋಡುವ ವಿಮಾದಾರನಿಗೆ ಆ ಸರಾಸರಿ ಉಪಯೋಗಕ್ಕೆ ಬರುತ್ತದೆ. ನಮ್ಮ ಮುಂದೆ ಇದ್ದದ್ದು ಸಾವಿರವಲ್ಲ, ಮೂರು. ಮೂರು ಫೋನ್ ಕರೆ ಮಾಡಲು ಸಮಯವಿಲ್ಲದವರು ಮೂರು ಬಣ್ಣ ಹಚ್ಚಲು ಸಮಯ ಹೊಂದಿಸಿಕೊಂಡಿದ್ದರು. ಅಂಕ ತಪ್ಪಾಗಿದ್ದರೆ ಅದನ್ನು ಪ್ರಶ್ನಿಸುವ ಹಕ್ಕು ಅಂಕ ಪಡೆದವರಿಗಿರಬೇಕೆಂದು ಅಮೆರಿಕದ ವಾಣಿಜ್ಯ ಮಂಡಳಿಯ ನೇತೃತ್ವದಲ್ಲಿ 2017ರಲ್ಲೇ ತತ್ತ್ವಗಳು ಪ್ರಕಟವಾಗಿವೆ. ತನಗೆ ಅಂಕ ಬಿದ್ದಿದೆ ಎಂಬುದೇ ಗೊತ್ತಿಲ್ಲದ ಮುದ್ರಣಾಲಯ ಏನನ್ನು ಪ್ರಶ್ನಿಸೀತು?

ಒಂದು ಗುಟ್ಟು ಹೇಳುತ್ತೇನೆ. ಇಂತಹ ಬಣ್ಣದ ಪಟ್ಟಿ ತಯಾರಿಸುವವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚೂ ಇದೆ. ಅವರ ಉತ್ತರ ಒಂದು ಅಕ್ಷರದಲ್ಲಿ ಮುಗಿಯುತ್ತದೆ, ನನ್ನದು ಯಾವಾಗಲೂ ‘ಅದು ಕೆಲಸದ ಮೇಲೆ ಹೋಗುತ್ತದೆ’ ಎಂದೇ ಆರಂಭವಾಗುತ್ತದೆ, ಅಷ್ಟರಲ್ಲಿ ಎಲ್ಲರೂ ಗಡಿಯಾರ ನೋಡುತ್ತಿರುತ್ತಾರೆ. ಆದರೂ ಹೇಳುತ್ತೇನೆ: ನಮ್ಮ ಕೆಲಸದ ಕಡತ ಯಾವ ಯಾವ ಕಂಪ್ಯೂಟರ್ ದಾಟಿ ಯಂತ್ರಕ್ಕೆ ಹೋಗುತ್ತದೆಂದು ಬಿಡಿಸಿ ತೋರಿಸಿ, ಯಂತ್ರಗಳ ಜಾಲ ಕಚೇರಿಯ ಜಾಲದಿಂದ ಬೇರೆಯಾಗಿದೆಯೇ ಹೇಳಿ, ಬ್ಯಾಕಪ್‌ನಿಂದ ಕೊನೆಯ ಬಾರಿ ನಿಜವಾಗಿ ಕಡತ ಮರಳಿ ತೆಗೆದು ನೋಡಿದ್ದು ಯಾವಾಗ ಹೇಳಿ, ಕೆಲಸ ಮುಗಿದ ಮೇಲೆ ನಮ್ಮ ಕಡತ ಎಲ್ಲೆಲ್ಲಿ ಉಳಿಯುತ್ತದೆ ಹೇಳಿ ಎಂದು ಮೂರೂ ಸಂಸ್ಥೆಗಳ ಪ್ರೀಪ್ರೆಸ್ (ಮುದ್ರಣಪೂರ್ವ ಸಿದ್ಧತೆ) ಮುಖ್ಯಸ್ಥರನ್ನು ಕೇಳಿದರೆ, ಉತ್ತರಕ್ಕಿಂತ ಮೊದಲು ಅವರು ತಡವರಿಸುವ ರೀತಿಯಲ್ಲೇ ಅರ್ಧ ಹೋಲಿಕೆ ಮುಗಿದಿರುತ್ತದೆ.

ಕೊನೆಯ ಪ್ರಶ್ನೆಗೆ ಬಂದಾಗ ಮಾತ್ರ ನಮ್ಮವರ ಮುಖ ನೋಡುವಂತಿತ್ತು. ಮುದ್ರಣಾಲಯಗಳು ಹಳೆಯ ಕಡತಗಳನ್ನು ಯಾಕೆ ಅಳಿಸುವುದಿಲ್ಲ? ಮರುಮುದ್ರಣ ಬೇಕಾದಾಗ ಕೇಳಿದ ಕೂಡಲೇ ಸಿಗಬೇಕೆಂದು ಗ್ರಾಹಕರೇ ಒಪ್ಪಂದದಲ್ಲಿ ಬರೆಸಿರುತ್ತಾರೆ. ನಾವು ಸಿದ್ಧಪಡಿಸಿದ ಕರಡಿನಲ್ಲೂ ಎಲ್ಲ ಕಡತಗಳನ್ನು ಒಪ್ಪಂದದ ಪೂರ್ಣ ಅವಧಿಗೆ ಕಾಯ್ದಿಡತಕ್ಕದ್ದು ಎಂಬ ಷರತ್ತಿದೆ. ಗ್ರಾಹಕರ ಹೆಸರು, ವಿಳಾಸ, ಖಾತೆಯ ವಿವರ ಎಲ್ಲವನ್ನೂ ವರ್ಷಗಟ್ಟಲೆ ಒಬ್ಬನ ಸರ್ವರಿನಲ್ಲಿ ಇಡುವಂತೆ ನಾವೇ ಆಜ್ಞಾಪಿಸಿ, ಆಮೇಲೆ ಅವನಿಗೆ ಕಿತ್ತಳೆ ಬಣ್ಣ ಹಚ್ಚುತ್ತೇವೆ. ಪುಟವಿನ್ಯಾಸವನ್ನು ಇಟ್ಟುಕೊಳ್ಳಲಿ, ಜನರ ಮಾಹಿತಿಯನ್ನು ಅಂಚೆಗೆ ಒಪ್ಪಿಸಿದ ನಂತರ ಅಳಿಸಿ ಅದಕ್ಕೆ ಲಿಖಿತ ದೃಢೀಕರಣ ಕೊಡಲಿ ಎಂದು ಆ ಷರತ್ತನ್ನು ತಿದ್ದಿ ಸಂಜೆಯೇ ಕಳುಹಿಸಿದ್ದೇನೆ. ಮರುಮುದ್ರಣಕ್ಕೆ ಮತ್ತೆ ದತ್ತಾಂಶ ಕಳುಹಿಸುವ ತೊಂದರೆ ಯಾರಿಗೆ ಬೇಕು ಎಂದು ಒಂದು ವಿಭಾಗದಿಂದ ಈಗಾಗಲೇ ಗೊಣಗಾಟ ಬಂದಿದೆ. ಬರಲಿ, ಆ ತೊಂದರೆ ಅವರದೇ.