ಇಲ್ಲದ ಅಟ್ಟಕ್ಕೆ 30 ದಿನದ ಗಡುವು

2024ರ ಜೂನ್‌ನಲ್ಲಿ ನನ್ನ ಮೇಲ್‌ಗೆ ಒಂದು ಎಕ್ಸೆಲ್ ಶೀಟ್ ಬಂದು ಬಿತ್ತು. ಕಳಿಸಿದವರು ನಮ್ಮದೇ ಕಂಪನಿಯಲ್ಲಿ ನಿಯಮ ಪಾಲನೆ ನೋಡಿಕೊಳ್ಳುವ ಕಂಪ್ಲಯನ್ಸ್ ವಿಭಾಗದವರು. ಎಡಕ್ಕೆ ಸರ್ವರ್ ಹೆಸರು, ನಡುವೆ ಸಿವಿಇ ನಂಬರ್ (ಸಾಫ್ಟ್‌ವೇರ್‌ನ ಭದ್ರತಾ ದೋಷಕ್ಕೆ ಕೊಡುವ ಗುರುತಿನ ನಂಬರ್), ಬಲಕ್ಕೆ ಒಂದು ಕೆಂಪು ಚೌಕ. ಕೆಂಪು ಹಸಿರಾಗಬೇಕು. ಅದಕ್ಕೆ 30 ದಿನ ಟೈಮು. ಮದುವೆ ಛತ್ರದವರೂ ಇಷ್ಟು ಕಟ್ಟುನಿಟ್ಟಾಗಿ ಗಡುವು ಕೊಡುವುದಿಲ್ಲ.

ನನ್ನ ಪಾಲಿಗೆ ಬಂದ ನಂಬರ್ ಸಿವಿಇ-2024-26960. ಲಿನಕ್ಸ್ ಕರ್ನಲ್‌ನಲ್ಲಿ, ಅಂದರೆ ಆಪರೇಟಿಂಗ್ ಸಿಸ್ಟಂನ ತಿರುಳಿನಲ್ಲಿ, ಒಬ್ಬರು ಸ್ವಾಪ್ ಜಾಗ ಬಿಟ್ಟುಕೊಡುವಾಗ, ಇನ್ನೊಬ್ಬರು ಸ್ವಾಪನ್ನೇ ಮುಚ್ಚುತ್ತಿದ್ದರೆ ಆಗಬಹುದಾದ ರೇಸ್ ಕಂಡಿಷನ್. ರೇಸ್ ಅಂದರೆ ಇಬ್ಬರ ಕೆಲಸ ಒಂದೇ ಹೊತ್ತಿಗೆ ಬಿದ್ದು, ಹಿಂದುಮುಂದಾಗಿ ಆಗುವ ಎಡವಟ್ಟು. ನಲವತ್ತು ಸರ್ವರ್‌ಗಳ ಮುಂದೆ ಇದೇ ನಂಬರ್ ಇತ್ತು. ಆ ನಲವತ್ತರಲ್ಲಿ ಒಂದಕ್ಕೂ ಸ್ವಾಪ್ ಇಲ್ಲ.

ಇಲ್ಲ ಅಂದರೆ ಇಲ್ಲವೇ ಇಲ್ಲ. ನಾವು ಓಡಿಸೋದು ಕುಬರ್ನೆಟಿಸ್, ಹಲವು ಸರ್ವರ್‌ಗಳಿಗೆ ಕೆಲಸ ಹಂಚಿ ಓಡಿಸುವ ವ್ಯವಸ್ಥೆ. ಪ್ರತಿ ಸರ್ವರ್‌ನಲ್ಲೂ ಅದರ ಪರವಾಗಿ ಕೂತಿರುವ ಕ್ಯೂಬ್‌ಲೆಟ್, ನಾವಾಗಿ ಬೇರೆ ಏನೂ ಹೇಳದಿದ್ದರೆ, ಸ್ವಾಪ್ ಕಂಡ ತಕ್ಷಣ ಮುನಿಸಿಕೊಂಡು ಶುರುವಾಗುವುದೇ ಇಲ್ಲ. ಹಾಗಾಗಿ ಸರ್ವರ್ ಹುಟ್ಟುವಾಗಲೇ ಸ್ವಾಪ್ ಇಲ್ಲದೆ ಹುಟ್ಟುತ್ತದೆ.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಸ್ವಾಪ್ ಅಂದರೆ ಮನೆಯ ಅಟ್ಟ ಅಂದುಕೊಳ್ಳಿ. ಕೆಳಗಿನ ಮನೆ ರ‍್ಯಾಮ್. ಜಾಗ ಸಾಲದಾದಾಗ, ಸದ್ಯಕ್ಕೆ ಬೇಡದ ಸಾಮಾನನ್ನು ಕರ್ನಲ್ ಅಟ್ಟಕ್ಕೆ ಹಾಕುತ್ತದೆ. ಸಾಮಾನ್ಯವಾಗಿ ನಾಲ್ಕು ಕಿಲೋಬೈಟ್‌ನ ಒಂದೊಂದು ಗಂಟು. ಬೇಕಾದಾಗ ಇಳಿಸುತ್ತದೆ. ಒಂದೇ ಗಂಟಿಗೆ ಇಬ್ಬರು ಮೂವರು ವಾರಸುದಾರರೂ ಇರಬಹುದು. ಯಾವ ಗಂಟಿಗೆ ಎಷ್ಟು ಜನ ಅಂತ ಲೆಕ್ಕ ಇಡಲು ಒಂದು ಪುಸ್ತಕ ಇರುತ್ತದೆ. ಅದರ ಹೆಸರು ಸ್ವಾಪ್ ಮ್ಯಾಪ್. ಗಂಟಿಗೆ ಒಂದೇ ಒಂದು ಬೈಟ್, ಅಷ್ಟೇ. ಅಟ್ಟವೇ ಬೇಡ ಅನಿಸಿದರೆ ಸ್ವಾಪ್‌ಆಫ್ ಅನ್ನೋ ಮೇಸ್ತ್ರಿಯನ್ನು ಕರೆಸಬೇಕು. ಆತ ಮೇಲಿರುವುದನ್ನೆಲ್ಲ ಇಳಿಸಿ, ಅಟ್ಟ ಕಿತ್ತು, ಪುಸ್ತಕವನ್ನು ರದ್ದಿಗೆ ಹಾಕಿ ಹೋಗುತ್ತಾನೆ.

ಈಗ ರೇಸ್. ಅಣ್ಣನ ಪಂಚೆ, ತಮ್ಮನ ಅಂಗಿ ಸೇರಿಸಿ ಕಟ್ಟಿದ ಒಂದು ದೊಡ್ಡ ಮೂಟೆ ಅಟ್ಟದಲ್ಲಿದೆ. ಅಣ್ಣ ಮನೆ ಬಿಟ್ಟು ಹೊರಟ. ಪುಸ್ತಕದಲ್ಲಿ ತನ್ನ ಹೆಸರು ಹೊಡೆದು ಹಾಕಿದ. ಮೂಟೆಯಲ್ಲಿ ಬೇರೆ ಯಾರದಾದರೂ ಬಾಕಿ ಇದೆಯಾ ಅಂತ ಪಕ್ಕದ ಸಾಲು ನೋಡಬೇಕು. ಅಷ್ಟರಲ್ಲಿ ತೂಕಡಿಕೆ ಹತ್ತಿತು. ಅದೇ ಹೊತ್ತಿಗೆ ತಮ್ಮನೂ ಹೊರಟ. ಅವನೂ ಹೆಸರು ಹೊಡೆದ, ಪಕ್ಕದ ಸಾಲು ನೋಡಿದ, ಯಾರದೂ ಬಾಕಿ ಇಲ್ಲ, ಮೂಟೆಯನ್ನು ತೆಗೆದೇ ಹಾಕಿದ. ಅಟ್ಟ ಖಾಲಿ. ಕೆಳಗೆ ಹಾರೆ ಹಿಡಿದು ನಿಂತಿದ್ದ ಮೇಸ್ತ್ರಿಗೆ ಬೇಕಾಗಿದ್ದೂ ಅದೇ. ಅಟ್ಟ ಕಿತ್ತ. ಪುಸ್ತಕ ರದ್ದಿಗೆ ಹೋಯಿತು. ಆಗ ಅಣ್ಣನಿಗೆ ಎಚ್ಚರವಾಯಿತು. ಪಕ್ಕದ ಸಾಲು ಓದೋಣ ಅಂತ ಬಗ್ಗಿದ. ಪುಸ್ತಕ ಎಲ್ಲಿದೆ? ಆ ಹಾಳೆಯಲ್ಲಿ ಯಾರೋ ಕಡಲೆಕಾಯಿ ಪೊಟ್ಟಣ ಕಟ್ಟಿ ಕೊಟ್ಟಾಗಿದೆ.

ಇದಕ್ಕೆ ಕರ್ನಲ್‌ನವರು ಮಾಡಿದ ರಿಪೇರಿ ನನಗೆ ಬಹಳ ಇಷ್ಟ. ಅಟ್ಟ ಹತ್ತುವವರು ಏಣಿಯ ಬುಡದಲ್ಲಿ ಚಪ್ಪಲಿ ಬಿಡಬೇಕು. ಅಲ್ಲಿ ಒಂದು ಜೊತೆ ಚಪ್ಪಲಿ ಇದ್ದರೂ ಮೇಸ್ತ್ರಿ ಪುಸ್ತಕಕ್ಕೆ ಕೈ ಹಚ್ಚುವಂತಿಲ್ಲ, ಕಾಯಬೇಕು. ಈ ನಿಯಮ ಹೊಸದೇನಲ್ಲ, ಗೆಟ್ ಸ್ವಾಪ್ ಡಿವೈಸ್ ಅನ್ನೋ ಹೆಸರಲ್ಲಿ ಮೊದಲೇ ಇತ್ತು. ಬೇರೆಯವರು ಪಾಲಿಸುತ್ತಿದ್ದ ಕಡೆ, ಹೆಸರು ಹೊಡೆದು ಜಾಗ ಬಿಟ್ಟುಕೊಡುವ ಈ ಫಂಕ್ಷನ್ ಚಪ್ಪಲಿ ಹಾಕಿಕೊಂಡೇ ಹತ್ತುತ್ತಿತ್ತು. ಈಗ ಅದಕ್ಕೂ ಬುದ್ಧಿ ಹೇಳಿದರು.

ಇನ್ನೊಂದು ಮಾತು. ಈ ರಿಪೇರಿಯ ಪ್ಯಾಚ್ ಬರೆದವರೇ ಅದರಲ್ಲಿ ಒಪ್ಪಿಕೊಂಡಿದ್ದಾರೆ: ಇದು ಸಿದ್ಧಾಂತದ ಮಟ್ಟದ ತೊಂದರೆ, ಟೆಸ್ಟ್ ಬರೆದು ಕೆಣಕಿದರೂ ಆಗಿಲ್ಲ, ಆದರೆ ಕೋಡ್ ಓದಿ ನೋಡಿದವರು ಆಗಬಹುದು ಅಂತ ಒಪ್ಪಿದ್ದಾರೆ ಅಂತ. ಮೇಲಾಗಿ ಸ್ವಾಪ್‌ಆಫ್ ಓಡಿಸಲು ರೂಟ್ ಅಧಿಕಾರ ಬೇಕು. ಮನೆ ಯಜಮಾನನೇ ಮೇಸ್ತ್ರಿಯನ್ನು ಕರೆಸಿ, ಅದೇ ಗಳಿಗೆಗೆ ಅಣ್ಣ ತಮ್ಮ ಇಬ್ಬರೂ ಮನೆ ಬಿಟ್ಟು, ಅಣ್ಣನಿಗೆ ಸರಿಯಾಗಿ ಆ ಸಾಲಿನಲ್ಲೇ ನಿದ್ದೆ ಬರಬೇಕು. ಜಾತಕ ಕೂಡಿಸುವುದೇ ಸುಲಭ.

ಹಾಗಿದ್ದರೆ ಸಿವಿಇ ನಂಬರ್ ಯಾಕೆ? 2024ರ ಫೆಬ್ರುವರಿಯಿಂದ ಲಿನಕ್ಸ್ ಕರ್ನಲ್ ತಂಡದವರೇ ತಮ್ಮ ದೋಷಗಳಿಗೆ ಸಿವಿಇ ನಂಬರ್ ಕೊಡುತ್ತಿದ್ದಾರೆ. ಕರ್ನಲ್ ಕೂತಿರುವ ಜಾಗ ಎಂಥದ್ದು ಅಂದರೆ, ಯಾವ ಸಣ್ಣ ತಪ್ಪು ಎಲ್ಲಿ ಹೋಗಿ ಮುಟ್ಟುತ್ತದೋ ಹೇಳಲಾಗದು. ಹಾಗಾಗಿ ನಾವು ಜಾಗ್ರತೆಯ ಕಡೆಗೇ ವಾಲಿ, ಕಣ್ಣಿಗೆ ಬಿದ್ದ ರಿಪೇರಿಗೆಲ್ಲ ನಂಬರ್ ಕೊಡುತ್ತೇವೆ, ಅದು ನಿಮ್ಮ ಮನೆಗೆ ಅನ್ವಯಿಸುತ್ತದೋ ಇಲ್ಲವೋ ನೀವೇ ನೋಡಿಕೊಳ್ಳಿ — ಇದು ಅವರ ನಿಲುವು. ಆ ವರ್ಷ ನಂಬರ್‌ಗಳು ಸಾವಿರಗಟ್ಟಲೆ ಬಂದವು. ಅವರ ಮಾತಲ್ಲಿ ನನಗಂತೂ ತಪ್ಪು ಕಾಣುವುದಿಲ್ಲ. 'ನೀವೇ ನೋಡಿಕೊಳ್ಳಿ' ಅನ್ನೋ ಕೊನೆಯ ತುಂಡು ಮಾತ್ರ ನಮ್ಮ ಎಕ್ಸೆಲ್ ಶೀಟ್ ತನಕ ಬರಲಿಲ್ಲ. ದೋಷ ಹುಡುಕುವ ಸ್ಕ್ಯಾನರ್ ಪ್ರೋಗ್ರಾಂ ಕರ್ನಲ್‌ನ ವರ್ಷನ್ ನಂಬರ್ ನೋಡಿತು, ಕೆಂಪು ಬಳಿಯಿತು, ಊಟಕ್ಕೆ ಹೋಯಿತು.

ಪ್ಯಾಚ್ ಹಾಕಿ ರೀಬೂಟ್ ಮಾಡಿದರೆ ಮುಗೀತಲ್ವಾ ಅಂತೀರಿ. ಮುಗೀತು. ಆದರೆ ರೀಬೂಟ್‌ಗೆ ಒಪ್ಪಿಗೆ ಕೊಡುವ ಸಮಿತಿ ತಿಂಗಳಿಗೊಮ್ಮೆ ಸೇರುತ್ತದೆ. ಮುಂದಿನ ಸಭೆ 31ನೇ ದಿನಕ್ಕೆ.

ಸರಿ, ಸ್ವಾಪ್ ಇಲ್ಲ ಅಂತ ತೋರಿಸಿಬಿಡೋಣ ಅಂತ 'ಸ್ವಾಪ್‌ಆನ್ --ಶೋ' ಕಮಾಂಡ್ ಕೊಟ್ಟೆ. ಸ್ವಾಪ್ ಇದ್ದರೆ ಅದು ಪಟ್ಟಿ ಕೊಡುತ್ತದೆ, ಇಲ್ಲದಿದ್ದರೆ ಏನನ್ನೂ ಹೇಳುವುದಿಲ್ಲ. ಏನನ್ನೂ ಹೇಳಲಿಲ್ಲ. ಸ್ಕ್ರೀನ್‌ಶಾಟ್ ತೆಗೆದು ಕಳಿಸಿದೆ. ಮಧ್ಯಾಹ್ನ ಕಂಪ್ಲಯನ್ಸ್‌ನಿಂದ ಫೋನ್ ಬಂತು.

"ಸರ್, ನಿಮ್ಮ ಸ್ಕ್ರೀನ್‌ಶಾಟ್ ಖಾಲಿ ಬಂದಿದೆ."

"ಖಾಲಿ ಅಂದ್ರೆ ಸ್ವಾಪ್ ಇಲ್ಲ ಅಂತ ಅರ್ಥ ಮೇಡಂ."

"ಅದು ಸರಿ ಸರ್. ಆದ್ರೆ ಇಲ್ಲ ಅಂತ ಬರೆದಿರೋದು ಕಾಣಿಸ್ಬೇಕಲ್ವಾ? ಆಡಿಟರ್ ಕೇಳ್ತಾರೆ."

ನ್ಯಾಯವೇ. 'ಫ್ರೀ -ಎಚ್' ಕಮಾಂಡ್ ಕೊಟ್ಟೆ. ಅದು ಬಾಯಿಬಿಟ್ಟು ಹೇಳುತ್ತದೆ. ಸ್ವಾಪ್ ಸಾಲಿನಲ್ಲಿ ಒಟ್ಟು 0, ಬಳಸಿದ್ದು 0, ಉಳಿದದ್ದು 0. ಕಳಿಸಿದೆ. ಮರುದಿನ ಉತ್ತರ ಬಂತು: ನಲವತ್ತೂ ಸರ್ವರ್‌ಗಳಲ್ಲಿ ಉಳಿದ ಸ್ವಾಪ್ ಸೊನ್ನೆಗೆ ಇಳಿದಿದೆ, ದಯವಿಟ್ಟು ಆದಷ್ಟು ಬೇಗ ಸ್ವಾಪ್ ಜಾಸ್ತಿ ಮಾಡಿ.

ಅಂದರೆ, ಅಟ್ಟ ಕುಸಿಯುವ ಅಪಾಯದಿಂದ ಪಾರಾಗಲು ಮೊದಲು ಒಂದು ಅಟ್ಟ ಕಟ್ಟಿಸಬೇಕು.

ನಗಬೇಡಿ. ಇದೇ ಶೀಟಿನಲ್ಲಿ ಕೆಳಗೆ ಇನ್ನೊಂದು ಸಾಲಿತ್ತು, ಸಿವಿಇ-2024-26759. ಅದೂ ಸ್ವಾಪ್ ರೇಸೇ, ಆದರೆ ಇದು ನಿಜಕ್ಕೂ ಡೇಟಾ ಹಾಳು ಮಾಡಿದ ರೇಸು. 2017ರಲ್ಲಿ ಝಡ್‌ರ‍್ಯಾಮ್‌ನಂಥ ವೇಗದ ಸ್ವಾಪ್‌ಗೆಂದು ಕರ್ನಲ್‌ನಲ್ಲಿ ಒಂದು ಅಡ್ಡದಾರಿ ಮಾಡಿದ್ದರು. ಆಂಡ್ರಾಯ್ಡ್ ಫೋನುಗಳಲ್ಲಿ ಇರುವುದು ಇದೇ ಝಡ್‌ರ‍್ಯಾಮ್. ಅಡ್ಡದಾರಿಯಲ್ಲಿದ್ದ ಗುಂಡಿ ಮುಚ್ಚಲು 2024ರ ಫೆಬ್ರುವರಿ ಬರಬೇಕಾಯಿತು.

ಗುಂಡಿ ಹೀಗಿತ್ತು. ಅಟ್ಟದ 42ನೇ ಗೂಡಿನಲ್ಲಿ ಮನೆಯ ಸಾಲದ ಪುಸ್ತಕ ಇದೆ. ಅಣ್ಣ, ತಮ್ಮ ಇಬ್ಬರಿಗೂ ಒಟ್ಟಿಗೇ ಅದು ಬೇಕಾಯಿತು. ಇಬ್ಬರೂ ಬೇರೆ ಬೇರೆ ಜೆರಾಕ್ಸ್ ತೆಗೆದರು. ಅಣ್ಣ ಯಥಾಪ್ರಕಾರ ತೂಕಡಿಸಿದ. ತಮ್ಮ ತನ್ನ ಜೆರಾಕ್ಸನ್ನೇ ಮನೆಯ ಅಧಿಕೃತ ಪುಸ್ತಕ ಮಾಡಿ, 42ನೇ ಗೂಡು ಖಾಲಿ ಅಂತ ಬರೆದು, ಅಂಗಡಿ ಶೆಟ್ಟರಿಗೆ 500 ರೂಪಾಯಿ ತೀರಿಸಿದ ಲೆಕ್ಕ ಹಾಕಿದ. ಮತ್ತೆ ಜಾಗ ಸಾಲದೆ ಪುಸ್ತಕ ಅಟ್ಟಕ್ಕೆ ಹೋಯಿತು. ಸಿಕ್ಕಿದ ಗೂಡು ಅದೇ 42. ಈಗ ಅಣ್ಣ ಕಣ್ಣುಜ್ಜಿಕೊಂಡು ಎದ್ದ. ಗೂಡಿನ ನಂಬರ್ ಬರೆದಿಟ್ಟ ಚೀಟಿ ನೋಡಿದ. 42. ಆಗಲೂ 42, ಈಗಲೂ 42, ನಡುವೆ ಏನೂ ನಡೆದಿಲ್ಲ ಅಂತ ತೀರ್ಮಾನಿಸಿ ತನ್ನ ಹಳೇ ಜೆರಾಕ್ಸನ್ನು ತಂದು ಇಟ್ಟ. 500 ರೂಪಾಯಿ ಗೋವಿಂದ. ಬಲ್ಲವರು ಇದನ್ನು ಎಬಿಎ ಸಮಸ್ಯೆ ಅನ್ನುತ್ತಾರೆ. ಎ ಹೋಗಿ ಬಿ ಆಗಿ ಮತ್ತೆ ಎ ಆದರೆ, ನೋಡಿದವನಿಗೆ ಬಿ ಬಂದು ಹೋದದ್ದೇ ಗೊತ್ತಾಗುವುದಿಲ್ಲ.

ಇದಕ್ಕೆ ಮೊದಲು ಹಾಕಿದ ತೇಪೆ ನೋಡಿ ನನಗೆ ನಮ್ಮ ಕಚೇರಿಗಳು ನೆನಪಾದವು. ಒಬ್ಬ ಆ ಗೂಡಿನಲ್ಲಿ ಕೆಲಸ ಮಾಡುತ್ತಿದ್ದರೆ ಇನ್ನೊಬ್ಬ ಗಡಿಯಾರದ ಒಂದು ಟಿಕ್ ನಿದ್ದೆ ಮಾಡಿ ಮತ್ತೆ ಬರಬೇಕು. ಅಂದರೆ 'ನಾಳೆ ಬನ್ನಿ'. ಟಿಕ್ ಅಂದರೆ ಕೆಲವೇ ಮಿಲಿಸೆಕೆಂಡ್, ಆದರೂ ಫೋನಿನಲ್ಲಿ ಸ್ಕ್ರೀನ್ ತಡವರಿಸಲು ಅಷ್ಟೇ ಸಾಕಾಯಿತು. ಅದೇ ವರ್ಷ 'ನಾಳೆ ಬನ್ನಿ' ತೆಗೆದು, ಕೆಲಸ ಮುಗಿದ ಕೂಡಲೇ ಎಬ್ಬಿಸುವ ಸರದಿ ಸಾಲು ಮಾಡಿದರು. 'ನಾಳೆ ಬನ್ನಿ' ಅನ್ನೋದನ್ನು ತಪ್ಪು ಅಂತ ಒಪ್ಪಿಕೊಂಡು ತಿದ್ದಿದ ಕಚೇರಿ ನಾನು ನೋಡಿದ್ದು ಅದೊಂದೇ.

ನಮ್ಮ ಶೀಟಿನಲ್ಲಿ ಎರಡಕ್ಕೂ ಒಂದೇ ಕೆಂಪು, ಒಂದೇ 30 ದಿನ.

ಈ ನಡುವೆ ನಲವತ್ತರಲ್ಲಿ ಒಂದು ಸರ್ವರ್ ತೀರಿಕೊಂಡಿತು. ಕೆಟ್ಟು ಹೋಗಿದ್ದಲ್ಲ, ಪ್ರಾಜೆಕ್ಟ್ ಮುಗಿದು ಡಿಲೀಟ್ ಮಾಡಿದ್ದು. ಅದರ ಮೇಲಿನ ದೂರಿನ ಟಿಕೆಟ್ ಮಾತ್ರ ಬದುಕಿತ್ತು. ದಿನಾ ಬೆಳಿಗ್ಗೆ ಒಂಬತ್ತಕ್ಕೆ ನೆನಪೋಲೆ ಬರುತ್ತಿತ್ತು. ಸರ್ವರ್ ಇಲ್ಲ ಅಂತ ಬರೆದರೆ, ಇಲ್ಲದಿರುವುದಕ್ಕೆ ಆ ಸರ್ವರ್‌ಗೆ ಲಾಗಿನ್ ಆಗಿ ಒಂದು ಸ್ಕ್ರೀನ್‌ಶಾಟ್ ಕಳಿಸಿ ಅಂದರು. ಪುಸ್ತಕ ರದ್ದಿಗೆ ಹೋದ ಮೇಲೂ ಪಕ್ಕದ ಸಾಲು ಓದಲು ಬಗ್ಗಿದ ಅಣ್ಣ ಇವರೇ. ಯಾವ ರೇಸ್ ಸರಿಮಾಡಿ ಅಂತ ನೋಟಿಸ್ ಕೊಟ್ಟರೋ ಅದನ್ನೇ ಕೈಯಾರೆ ಮಾಡುತ್ತಿದ್ದಾರೆ, ಅದೂ ಟೆಸ್ಟಿನಲ್ಲಿ ಕೆಣಕಿದರೂ ಆಗದ್ದನ್ನು ದಿನಾ ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ.

ಹೇಗೋ ಬೇಡಿಕೊಂಡು ಆ ಟಿಕೆಟ್ ಮುಚ್ಚಿಸಿದೆ. ಎರಡು ದಿನಕ್ಕೆ ಮತ್ತೆ ತೆರೆಯಿತು. ಏನಾಯಿತು ಅಂದರೆ, ಡಿಲೀಟ್ ಆದ ಸರ್ವರ್‌ನ ಐಪಿ ವಿಳಾಸ ಬೇರೆ ತಂಡದ ಹೊಸ ಸರ್ವರ್‌ಗೆ ಸಿಕ್ಕಿತ್ತು. ಸ್ಕ್ಯಾನರ್ ವಿಳಾಸ ನೋಡಿತು. ಆಗಲೂ ಅದೇ, ಈಗಲೂ ಅದೇ. ಸತ್ತವನು ಬಂದಿದ್ದಾನೆ ಅಂತ ಹಳೇ ಟಿಕೆಟನ್ನು ನನ್ನ ಹೆಸರಿಗೇ ಎಬ್ಬಿಸಿತು. 42ನೇ ಗೂಡು! ನನಗೆ ಆ ಹೊಸ ಸರ್ವರ್‌ಗೆ ಲಾಗಿನ್ ಕೂಡ ಇಲ್ಲ.

ಶೀಟಿನಲ್ಲೇ ವಿವರ ಬರೆಯೋಣ ಅಂತ ತೆರೆದರೆ, ಬೇರೊಬ್ಬರು ಎಡಿಟ್ ಮಾಡುತ್ತಿದ್ದಾರೆ, ಓದಲು ಮಾತ್ರ ಅವಕಾಶ ಅಂತ ಬಂತು. ಕೊನೆಗೂ ಒಂದು ಲಾಕ್ ಕಂಡೆನಲ್ಲ ಅಂತ ಸಂತೋಷವಾಯಿತು. ಆ ಬೇರೊಬ್ಬರು ಶೀಟ್ ತೆರೆದಿಟ್ಟು ಒಂದು ವಾರ ರಜೆ ಹಾಕಿ ಊರಿಗೆ ಹೋಗಿದ್ದರು. ಏಣಿಯ ಬುಡದಲ್ಲಿ ಚಪ್ಪಲಿ ಇದೆ, ಮನುಷ್ಯ ತೀರ್ಥಹಳ್ಳಿಯಲ್ಲಿ.

28ನೇ ದಿನ ಮೇಡಂ ಅವರೇ ಫೋನ್ ಮಾಡಿ ಒಂದು ದಾರಿ ಹೇಳಿದರು. ಪಾಪ, ಅವರಿಗೂ ಮೇಲಿನಿಂದ ಒತ್ತಡ.

"ಸರ್, ರೀಬೂಟ್ ಆಗಲ್ಲ ಅಂದ್ರೆ ತಾತ್ಕಾಲಿಕ ಪರಿಹಾರ ಅಂತ ತೋರಿಸಿ. ಎಲ್ಲಾ ಸರ್ವರ್‌ನಲ್ಲೂ ಸ್ವಾಪ್‌ಆಫ್ ಓಡಿಸಿಬಿಡಿ."

ಒಂದು ಕ್ಷಣ ಮಾತು ಹೊರಡಲಿಲ್ಲ. ಈ ದೋಷ ಕೆರಳಬೇಕಾದರೆ ಓಡಿಸಲೇಬೇಕಾದ ಕಮಾಂಡ್ ಅದೊಂದೇ. ಸ್ವಾಪ್ ಇದ್ದಿದ್ದರೆ ನಾನು ಜಗಳ ಆಡುತ್ತಿದ್ದೆ. ಇಲ್ಲವಲ್ಲ. ಮೇಸ್ತ್ರಿ ಬರಲಿ, ಕಿತ್ತುಹಾಕಲು ಏನೂ ಇಲ್ಲ, ಟೀ ಕುಡಿದು ಹೋಗಲಿ ಅಂತ 'ಸ್ವಾಪ್‌ಆಫ್ -ಎ' ಓಡಿಸಿದೆ. ಅದೂ ಏನನ್ನೂ ಹೇಳಲಿಲ್ಲ. ಖಾಲಿ ಸ್ಕ್ರೀನ್. ಈ ಸಲ ನಾನು ಪೆದ್ದನಾಗಲಿಲ್ಲ. ಕೆಳಗಿನ ಸಾಲಿನಲ್ಲಿ ಎಕೋ ಕಮಾಂಡ್ ಕೊಟ್ಟು 'ಸ್ವಾಪ್ ಯಶಸ್ವಿಯಾಗಿ ಆಫ್ ಆಗಿದೆ' ಅಂತ ನಾನೇ ಟೈಪ್ ಮಾಡಿದೆ. ಸರ್ವರ್ ಅದನ್ನೇ ತಿರುಗಿಸಿ ಒದರಿತು. ಸ್ಕ್ರೀನ್‌ಶಾಟ್ ತೆಗೆದು ಕಳಿಸಿದೆ.

ಹತ್ತು ನಿಮಿಷಕ್ಕೆ ಉತ್ತರ ಬಂತು. "ಥ್ಯಾಂಕ್ಸ್ ಸರ್, ಈಗ ಕ್ಲಿಯರ್ ಆಗಿದೆ. ಮೊದಲೇ ಇದನ್ನ ಕಳಿಸಿದ್ರೆ ಮುಗಿದೋಗ್ತಿತ್ತು."