ಅರ್ಧ ಸಿನಿಮಾ, ಪೂರಾ ಟಿಕೆಟ್

ಟಿಕೆಟ್ಟಿಗೆ 200 ರೂಪಾಯಿ ಮಿತಿಯ ಕಥೆ ನಿಮಗೆ ಗೊತ್ತೇ ಇದೆ. 2025ರ ಸೆಪ್ಟೆಂಬರ್ 12ಕ್ಕೆ ಸರ್ಕಾರದ ಆದೇಶ ಬಂತು. ತೆರಿಗೆ ಬೇರೆ ಅಂತ ಅದಕ್ಕೊಂದು ಬಾಲವೂ ಇತ್ತು. 23ಕ್ಕೆ ಹೈಕೋರ್ಟ್ ತಡೆ ಕೊಟ್ಟಿತು. ಹನ್ನೊಂದು ದಿನ. ಈಗಿನ ಕಾಲದಲ್ಲಿ ಒಂದು ಕನ್ನಡ ಸಿನಿಮಾ ಹನ್ನೊಂದು ದಿನ ಓಡಿದರೆ ಸಕ್ಸಸ್ ಮೀಟ್ ಇಟ್ಟು ಕೇಕ್ ಕತ್ತರಿಸುತ್ತಾರೆ. ಆದ್ದರಿಂದ ಈ ಆದೇಶವನ್ನೂ ಹಿಟ್ ಅಂತಲೇ ಬರೆದುಕೊಳ್ಳೋಣ.

ನವೆಂಬರಿನಲ್ಲಿ ಕೇಸು ಸುಪ್ರೀಂ ಕೋರ್ಟಿಗೆ ಹೋಯ್ತು. ನೀರಿನ ಬಾಟಲಿಗೆ 100, ಕಾಫಿಗೆ 700 ತಗೊಳ್ತೀರಲ್ಲ ಅಂತ ಮಲ್ಟಿಪ್ಲೆಕ್ಸಿನವರನ್ನು ನ್ಯಾಯಮೂರ್ತಿಗಳೇ ಕೇಳಿದರು. ಮಾರಿದ ಟಿಕೆಟ್ಟಿಗೆಲ್ಲ ಲೆಕ್ಕ ಇಡಿ ಅಂದಿದ್ದ ಹೈಕೋರ್ಟಿನ ಷರತ್ತಿಗೆ ಅಲ್ಲೇ ತಡೆಯೂ ಸಿಕ್ಕಿತು. ಬೈಸಿಕೊಂಡದ್ದು ಮಲ್ಟಿಪ್ಲೆಕ್ಸಿನವರು, ಗೆದ್ದದ್ದೂ ಮಲ್ಟಿಪ್ಲೆಕ್ಸಿನವರು. ಇಂಥ ಬೈಗುಳ ನಮಗೂ ಸಿಗಲಿ.

ಇಷ್ಟೆಲ್ಲ ಗದ್ದಲದಲ್ಲಿ ಒಂದನ್ನು ಯಾರೂ ಕೇಳಲಿಲ್ಲ. ಈ 200 ರೂಪಾಯಿ ಪೂರ್ತಿ ಸಿನಿಮಾಕ್ಕಾ, ಅರ್ಧಕ್ಕಾ? ಯಾಕೆಂದರೆ ಇತ್ತೀಚೆಗೆ ವಿಜಯಪುರದ ಥಿಯೇಟರುಗಳಲ್ಲಿ ನಾನು ನೋಡಿದ ದೊಡ್ಡ ಸಿನಿಮಾಗಳಲ್ಲಿ ಒಂದೂ ಮುಗಿದಿಲ್ಲ. ಮೂರು ತಾಸು ಕೂತೆ. ಹೀರೋ ಬಂದ, ಹೊಡೆದ, ಅತ್ತ, ಮತ್ತೆ ಹೊಡೆದ. ಇನ್ನೇನು ಖಳನ ಕುತ್ತಿಗೆಗೆ ಕತ್ತಿ ಬೀಳಬೇಕು, ಪರದೆ ಕಪ್ಪಾಯ್ತು. ಭಾಗ 2ರಲ್ಲಿ ಮುಂದುವರಿಯುತ್ತದಂತೆ. ಲೈಟ್ ಹತ್ತಿದವು.

ಹಿಂದಿನ ಸೀಟಿನಲ್ಲಿ ಇಂಡಿ ಕಡೆಯ ಒಬ್ಬ ಅಜ್ಜ ಇದ್ದರು. ಮೊಮ್ಮಗನ ಜೊತೆ ಬಂದವರು.

“ಮುಂದ ಏನಾತಲೇ?”

“ಅದು ಮುಂದಿನ ವರ್ಷ ಗೊತ್ತಾಗತೈತಿ, ಮುತ್ಯಾ.”

“ಅಲ್ಲೀತನಕ ನಾ ಇರಬೇಕಲ್ಲೋ!”

ಕಥೆ ಎರಡು ಭಾಗ ಆಗಲೇಬಾರದು ಅಂತ ನನ್ನ ಹಟವಿಲ್ಲ. ಬಾಹುಬಲಿಯನ್ನು ಕಟ್ಟಪ್ಪ ಯಾಕೆ ಕೊಂದ ಅಂತ 2015ರಿಂದ 2017ರವರೆಗೆ ಇಡೀ ದೇಶವೇ ತಲೆ ಕೆಡಿಸಿಕೊಂಡಿತ್ತು. ಕಾಯುವಂಥ ಪ್ರಶ್ನೆ ಇತ್ತು, ಕಾದೆವು. ಈಗಿನವರು ಪ್ರಶ್ನೆಯನ್ನೂ ಭಾಗ 2ಕ್ಕೇ ಎತ್ತಿಟ್ಟಿರುತ್ತಾರೆ.

ಹಾಗೆ ನೋಡಿದರೆ ಈ ಭಾಗ 2ರ ಚಟ ನಮ್ಮೂರಿಗೆ ಹೊಸದಲ್ಲ. ಮಹಮ್ಮದ್ ಆದಿಲ್ ಶಾಹಿ ಗೋಳಗುಮ್ಮಟ ಕಟ್ಟಿಸಿದ. 1656ರಲ್ಲಿ ತೀರಿಕೊಂಡು ಅದರಲ್ಲೇ ಮಲಗಿದ. ಬ್ಲಾಕ್‌ಬಸ್ಟರ್. ಇವತ್ತಿಗೂ ಜನ ಸಾಲು ನಿಲ್ಲುತ್ತಾರೆ. ಪಟ್ಟಕ್ಕೆ ಬಂದ ಮಗ ಎರಡನೇ ಅಲಿ ಆದಿಲ್ ಶಾಹಿಗೆ ಅಪ್ಪನದ್ದಕ್ಕಿಂತ ದೊಡ್ಡದು ಬೇಕೆನಿಸಿತು. ಬಜೆಟ್ ದೊಡ್ಡದು, ಸೆಟ್ ದೊಡ್ಡದು. ಕಂಬ ಎದ್ದವು, ಕಮಾನು ಎದ್ದವು. 1672ರಲ್ಲಿ ಅವನೂ ಹೋದ, ಕೆಲಸವೂ ನಿಂತಿತು. ಅದೇ ಬಾರಾ ಕಮಾನ್. ಸೂರಿಲ್ಲ, ಗುಮ್ಮಟ ಇಲ್ಲ, ಆಕಾಶವೇ ಕ್ಲೈಮ್ಯಾಕ್ಸ್. ಆದರೆ ಒಂದು ಮಾತು. ಗೋಳಗುಮ್ಮಟ ನೋಡಲು ಟಿಕೆಟ್ ಇದೆ. ಬಾರಾ ಕಮಾನ್ ನೋಡಲು ಟಿಕೆಟ್ ಇಲ್ಲ, ಸುಮ್ನೆ ಒಳಗೆ ಹೋಗಬಹುದು. ಅರ್ಧಕ್ಕೆ ನಿಂತದ್ದಕ್ಕೆ ದುಡ್ಡು ಕೇಳಬಾರದು ಅನ್ನುವಷ್ಟು ಮರ್ಯಾದೆ ಪುರಾತತ್ವ ಇಲಾಖೆಗೆ ಇದೆ.

ಗುಮ್ಮಟದ ಮಾತು ಬಂತಲ್ಲ, ಸದ್ದಿನದ್ದೂ ಹೇಳಿಬಿಡುತ್ತೇನೆ. ಮೇಲಿನ ಗ್ಯಾಲರಿಯಲ್ಲಿ ಒಮ್ಮೆ ಕೂಗಿದರೆ ಮತ್ತೆ ಮತ್ತೆ ಕೇಳಿಸುತ್ತದೆ. ಶಾಲೆಯ ಟ್ರಿಪ್ಪಿಗೆ ಬಂದ ಮಕ್ಕಳೆಲ್ಲ ಕಿರುಚುವುದು ಅಲ್ಲೇ. ಅದನ್ನು ಕೇಳಿ ಬೆಳೆದ ಕಿವಿ ನಮ್ಮದು. ಅಂಥ ಕಿವಿಯೂ ಈಗಿನ ಹಿನ್ನೆಲೆ ಸಂಗೀತಕ್ಕೆ ಸೋತಿತು. ಹೀರೋ ಚಹಾ ಕುಡಿದರೂ ನಗಾರಿ, ಕಪ್ಪು ಕೆಳಗಿಟ್ಟರೂ ನಗಾರಿ. ನಡುವೆ ಏನೋ ಡೈಲಾಗ್ ಇತ್ತು ಅಂತ ಕಾಣುತ್ತದೆ, ತುಟಿ ಅಲ್ಲಾಡುತ್ತಿತ್ತು.

ಡೈಲಾಗ್ ಕೇಳಿಸಿದ್ದು ಮಾತ್ರ ನಮ್ಮ ಭಾಷೆಯವನು ಬಂದಾಗ. ನಮ್ಮ ಕಡೆಯ ಮಾತಾಡುವವನು ಸಿನಿಮಾದಲ್ಲಿ ಅಡುಗೆಯವನೋ, ಪೇದೆಯೋ, ಖಳನ ಹಿಂದೆ ಮಚ್ಚು ಹಿಡಿದು ನಿಲ್ಲುವವನೋ ಆಗಿರಬೇಕು. ಮಾತಿಗೊಮ್ಮೆ ‘ರೀ’ ಹಚ್ಚಬೇಕು. ಸಿಟ್ಟು ಬಂದರೆ ‘ಮಗನ’ ಅನ್ನಬೇಕು. ಕಥೆ ನಡೆಯುವುದು ಭೀಮಾ ತೀರದಲ್ಲೇ ಆದರೂ ಹೀರೋ ಮಾತ್ರ ಬೆಂಗಳೂರಿನ ಕನ್ನಡದಲ್ಲೇ ಪ್ರೀತಿ ಮಾಡುತ್ತಾನೆ. ನಮ್ಮ ಭಾಷೆಯಲ್ಲಿ ಕೊಲೆ ಮಾಡಬಹುದು, ಪ್ರೀತಿ ಮಾಡಲಿಕ್ಕೆ ಆಗುವುದಿಲ್ಲ ಅಂತ ಯಾರೋ ತೀರ್ಮಾನ ಮಾಡಿಬಿಟ್ಟಿದ್ದಾರೆ. ಇಲ್ಲಿನ ಗಂಡ ಹೆಂಡಿರು ಇಷ್ಟು ವರ್ಷ ಹೇಗೆ ಸಂಸಾರ ಮಾಡಿದರೋ!

ಸರ್ಕಾರಕ್ಕೆ ನನ್ನದೊಂದು ಸಲಹೆ. ಪರದೆಯ ಮೇಲೆ ಯಾರಾದರೂ ಬೀಡಿ ಹಚ್ಚಿದರೆ ಕೆಳಗೆ ಎಚ್ಚರಿಕೆ ಬರಲೇಬೇಕು, ಕಾನೂನು. ಟಿಕೆಟ್ಟಿನ ಮೇಲೂ ಹಾಗೇ ಅಚ್ಚು ಹಾಕಿಸಿ: ‘ಎಚ್ಚರಿಕೆ, ಈ ಕಥೆ ಮುಗಿಯುವುದಿಲ್ಲ.’ ಅರ್ಧ ಕಥೆಗೆ ಅರ್ಧ ದರ. ಭಾಗ 2 ಬಂದಾಗ ಹಳೇ ಟಿಕೆಟ್ ತೋರಿಸಿದವರನ್ನು ಪುಕ್ಕಟೆ ಒಳಗೆ ಬಿಡಿ. ಭಾಗ 2 ಬರದೇ ಹೋದರೆ ಹೀರೋ ಮನೆಗೇ ಬಂದು ಮುಂದಿನ ಕಥೆ ಹೇಳಿ ಹೋಗಲಿ. ಚಹಾ ಚೂಡಾ ನಾವು ಕೊಡುತ್ತೇವೆ.

ನಗು ಸಾಕು. ಇದೇ ವಾರಗಳಲ್ಲಿ ಒಂದು ಸಣ್ಣ ಕನ್ನಡ ಸಿನಿಮಾ ಬಂದಿತ್ತು. ಹೊಸಬರದು. ನಗಾರಿ ಇಲ್ಲ, ಕಥೆ ಶುರುವಾಗಿ ಮುಗಿಯುತ್ತದೆ. ಅದಕ್ಕೆ ಸಿಕ್ಕಿದ್ದು ಬೆಳಗಿನ ಒಂದೇ ಒಂದು ಶೋ. ಉಳಿದ ಶೋಗಳೆಲ್ಲ ಅರ್ಧ ಸಿನಿಮಾಕ್ಕೆ. ಎರಡನೇ ಶುಕ್ರವಾರ ಬರುವಷ್ಟರಲ್ಲಿ ಅದರ ಪೋಸ್ಟರ್ ಮೇಲೆ ಬೇರೆ ಪೋಸ್ಟರ್ ಬಿದ್ದಿತ್ತು. ಅದನ್ನು ಥಿಯೇಟರಿನಿಂದ ಎತ್ತಿಹಾಕಿದವರೇ ಈಗ ಟಿವಿಯಲ್ಲಿ ಕೂತು, ಒಳ್ಳೆ ಸಿನಿಮಾ ಮಾಡಿದರೆ ಜನ ಥಿಯೇಟರಿಗೆ ಬರುವುದಿಲ್ಲ ಅಂತ ಕಣ್ಣೀರು ಹಾಕುತ್ತಾರೆ. ತಪ್ಪು ಯಾವಾಗಲೂ ನಮ್ಮದೇ, ಟಿಕೆಟ್ ತಗೊಂಡವರದ್ದು. ಯಾವಾಗ ಬರಬೇಕಿತ್ತು ಸ್ವಾಮಿ? ಸೋಮವಾರ ಬೆಳಿಗ್ಗೆ ಹತ್ತಕ್ಕಾ? ತಿಕೋಟಾದ ದ್ರಾಕ್ಷಿ ತೋಟಕ್ಕೆ ಆ ಹೊತ್ತಿಗೆ ಔಷಧ ಹೊಡೆಯುವವರು ಯಾರು, ನಿಮ್ಮ ಹೀರೋನಾ?