ಸತ್ಯಾಂಶ: ಕತ್ತಿಗೆ ಪೆಟ್ಟಾದವರ ಗಂಟಲಿಗೆ ನಳಿಕೆ ಹಾಕಬಾರದೇ?

ಕಬ್ಬಿನ ಹಂಗಾಮಿನಲ್ಲಿ ಜಮಖಂಡಿ, ಮುಧೋಳ ಕಡೆಯ ಗ್ರೂಪ್‌ಗಳಲ್ಲಿ ಒಂದು ಮೆಸೇಜ್ ಸುತ್ತುತ್ತಿದೆ: 'ಅಪಘಾತದಲ್ಲಿ ಕತ್ತಿಗೆ ಪೆಟ್ಟಾಗಿದ್ದರೆ ಗಂಟಲಿಗೆ ಪೈಪ್ ಹಾಕಲು ಬಿಡಬೇಡಿ, ಕೈಕಾಲು ಬಿದ್ದುಹೋಗುತ್ತವೆ.' ಇದನ್ನು ನಂಬಿ ಆಸ್ಪತ್ರೆಯಲ್ಲಿ ಒಪ್ಪಿಗೆಯ ಸಹಿ ಹಾಕಲು ತಡ ಮಾಡಿದರೆ ಜೀವಕ್ಕೇ ಅಪಾಯ.

ಭಯಕ್ಕೆ ಕಾರಣ ಇಲ್ಲದಿಲ್ಲ. ಸಾಮಾನ್ಯವಾಗಿ ಉಸಿರಾಟಕ್ಕೆಂದು ಈ ನಳಿಕೆ ಹಾಕುವಾಗ ತಲೆಯನ್ನು ಹಿಂದಕ್ಕೆ ಬಾಗಿಸುತ್ತಾರೆ. ಆದರೆ ಕತ್ತಿನ ಮೂಳೆಗೆ ಪೆಟ್ಟಾಗಿರುವ ಅನುಮಾನ ಇದ್ದರೆ ಹಾಗೆ ಮಾಡುವುದಿಲ್ಲ. ಒಬ್ಬರು ಎರಡೂ ಕೈಯಿಂದ ತಲೆಯನ್ನು ಅಲುಗಾಡದಂತೆ ನೇರವಾಗಿ ಹಿಡಿಯುತ್ತಾರೆ. ಕತ್ತು ಅಲುಗದಂತೆ ಕಟ್ಟುವ ಕಾಲರ್ ಇದ್ದರೆ ಬಾಯಿ ಸರಿಯಾಗಿ ತೆರೆಯುವುದಿಲ್ಲ, ಅದಕ್ಕೇ ಅದರ ಮುಂಭಾಗವನ್ನಷ್ಟೇ ಬಿಚ್ಚುತ್ತಾರೆ. ತಲೆ ಹಿಡಿದ ಕೈ ಮಾತ್ರ ಬಿಡುವಂತಿಲ್ಲ. ಗಂಟಲೊಳಗೆ ನೋಡುವ ವಿಡಿಯೋ ಲ್ಯಾರಿಂಗೋಸ್ಕೋಪ್ ಇದ್ದರೆ ಇನ್ನೂ ಅನುಕೂಲ. ತುದಿಯಲ್ಲಿ ಕ್ಯಾಮೆರಾ ಇರುತ್ತೆ, ಕತ್ತು ಹೆಚ್ಚು ಬಾಗಿಸದೆ ಸ್ವರತಂತು ಪರದೆಯಲ್ಲಿ ಕಾಣುತ್ತೆ. ಜಾಗ ಇಕ್ಕಟ್ಟಾಗಿದ್ದರೆ ಮೊದಲು ಬೂಜಿ ಎಂಬ ತೆಳು ಕಡ್ಡಿ ಹಾಕಿ, ಅದರ ಮೇಲೆ ನಳಿಕೆ ಜಾರಿಸುತ್ತಾರೆ.

ಹೀಗೆ ಜೋಪಾನವಾಗಿ ಮಾಡಿದಾಗ ನರಕ್ಕೆ ಹೊಸದಾಗಿ ಹಾನಿಯಾಗುವುದು ತೀರಾ ಅಪರೂಪ. ಆಮ್ಲಜನಕ ಸಿಗದಿದ್ದರೆ ಮಾತ್ರ ಕೆಲವೇ ನಿಮಿಷಗಳಲ್ಲಿ ಮೆದುಳಿಗೆ ಪೆಟ್ಟು. ಗಾಯಗೊಂಡ ಬೆನ್ನುಹುರಿಗೂ ಅದು ಕೆಟ್ಟದ್ದೇ.

ನಿಜವಾಗಿ ಹುಷಾರಾಗಿರಬೇಕಾದದ್ದು ರಸ್ತೆಯಲ್ಲಿ. ಬಿದ್ದವರನ್ನು ಕೈಕಾಲು ಹಿಡಿದು ಎತ್ತಿ ಸುಮ್ನೆ ಟಂಟಂ ಗಾಡಿಗೆ ಹಾಕಬೇಡಿ. 108ಕ್ಕೆ ಫೋನ್ ಮಾಡಿ, ಅವರು ಬರುವವರೆಗೂ ತಲೆ ಅಲುಗದಂತೆ ಹಿಡಿದುಕೊಳ್ಳಿ.